ದಪ್ಪ-ತೆಳು ಗೆರೆಯ ಇಟಾಲಿಕ್ ಫಾಂಟುಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಮ್ಯಾಗಜೀನ್ ಮುಖಪುಟ, ಪೋಸ್ಟರ್, ಸುಗಂಧದ ಬಾಟಲಿ, ಮದುವೆಯ ಆಮಂತ್ರಣ, ವೆಬ್‌ಸೈಟಿನ ಮೊದಲ ಸಾಲು. ಇಂಥ ಕಡೆ ಒಂದು ಬಗೆಯ ಓರೆ ಅಕ್ಷರ ಕಾಣುತ್ತದೆ. ಕೆಲವು ಗೆರೆ ತುಂಬಾ ದಪ್ಪ, ಕೆಲವು ಕೂದಲೆಳೆಯಷ್ಟು ತೆಳು. ನೋಡಿದ ತಕ್ಷಣ ಇಷ್ಟವಾಗುತ್ತದೆ, ಬಳಸಲು ಹೋದರೆ ಕೈಕೊಡುತ್ತದೆ. ಈ ಪುಟ ಅಂಥ ಫಾಂಟುಗಳ ಬಗ್ಗೆ. ಇಂಗ್ಲಿಷಿನಲ್ಲಿ ಇವಕ್ಕೆ ಹೈ-ಕಾಂಟ್ರಾಸ್ಟ್ ಇಟಾಲಿಕ್ ಅನ್ನುತ್ತಾರೆ. ಹೆಚ್ಚಿನ ಮಾತು ರೋಮನ್ ಲಿಪಿಯದ್ದು, ಅಂದರೆ ಇಂಗ್ಲಿಷ್ ಬರೆಯುವ ಅಕ್ಷರಗಳದ್ದು. ಕನ್ನಡದ ವಿಷಯ ಕೊನೆಯ ಕಡೆ ಬರುತ್ತದೆ.

ಹೈ-ಕಾಂಟ್ರಾಸ್ಟ್ ಅಂದರೆ ಬಣ್ಣದ ಕಾಂಟ್ರಾಸ್ಟಾ?

ಅಲ್ಲ. ಅಕ್ಷರದ ಒಳಗಿನ ದಪ್ಪ ಗೆರೆಗೂ ತೆಳು ಗೆರೆಗೂ ಇರುವ ಅಂತರಕ್ಕೆ ಹಾಗೆ ಹೇಳುತ್ತಾರೆ. ಹೆಲ್ವೆಟಿಕಾದಂಥ ಫಾಂಟಿನಲ್ಲಿ ಎಲ್ಲ ಗೆರೆಗಳೂ ಹೆಚ್ಚುಕಡಿಮೆ ಒಂದೇ ದಪ್ಪ. ಬೊಡೋನಿ, ದಿದೋ ಬಗೆಯ ಫಾಂಟಿನಲ್ಲಿ ದಪ್ಪ ಗೆರೆ ತೆಳು ಗೆರೆಗಿಂತ ಎಷ್ಟೋ ಪಟ್ಟು ಅಗಲ. ಆ ತೆಳು ಗೆರೆಗೆ ಹೇರ್‌ಲೈನ್ ಅಂತ ಹೆಸರು. ಕೆಳಗಿನ ಉತ್ತರಗಳಲ್ಲಿ ಅರ್ಧಕ್ಕರ್ಧ ಮಾತು ಈ ಹೇರ್‌ಲೈನ್ ಬಗ್ಗೆಯೇ, ಯಾಕೆಂದರೆ ಈ ಫಾಂಟಿನ ಚೆಲುವೂ ಅದರಲ್ಲೇ ಇದೆ, ತೊಂದರೆಯೂ ಅದರಲ್ಲೇ ಇದೆ.

ಇಟಾಲಿಕ್ ಅಂದರೆ ಅಕ್ಷರವನ್ನು ಸುಮ್ನೆ ಬಲಕ್ಕೆ ವಾಲಿಸಿದ್ದು, ಅಲ್ವಾ?

ಅಲ್ಲ, ಮತ್ತು ಈ ಬಗೆಯ ಫಾಂಟಿನಲ್ಲಿ ಇದು ದೊಡ್ಡ ವ್ಯತ್ಯಾಸ. ನಿಜವಾದ ಇಟಾಲಿಕ್‌ನಲ್ಲಿ ಅಕ್ಷರದ ಆಕಾರವೇ ಬೇರೆ. ಸಣ್ಣ ‘ಎ’ (a) ಎರಡು ಅಂತಸ್ತಿನಿಂದ ಒಂದಕ್ಕೆ ಇಳಿಯುತ್ತದೆ, ಅಂದರೆ ತಲೆಯ ಮೇಲಿನ ಕೊಕ್ಕೆ ಹೋಗಿ ಕೆಳಗಿನ ದುಂಡು ಮಾತ್ರ ಉಳಿಯುತ್ತದೆ. ‘ಎಫ್’ ಎಷ್ಟೋ ಸಲ ಸಾಲಿನ ಕೆಳಗೂ ಬಾಲ ಬಿಡುತ್ತದೆ. ‘ವಿ’, ‘ಡಬ್ಲ್ಯು’ಗಳ ಚೂಪು ಮೂಲೆ ಹೋಗಿ ದುಂಡಾಗಬಹುದು. ಚಪ್ಪಟೆ ಸೆರಿಫ್ (ಗೆರೆಯ ತುದಿಯಲ್ಲಿರುವ ಸಣ್ಣ ಅಡ್ಡಪಟ್ಟಿ) ಇದ್ದ ಜಾಗದಲ್ಲಿ ಪೆನ್ನು ಒಳಗೆ ಬಂದು ಹೊರಗೆ ಹೋದಂಥ ಸಣ್ಣ ಬಾಗು ಇರುತ್ತದೆ. ಒಟ್ಟಾರೆ ಅಕ್ಷರ ನೆಟ್ಟಗಿನದಕ್ಕಿಂತ ಸ್ವಲ್ಪ ಕಿರಿದು.

ಕಂಪ್ಯೂಟರ್ ವಾಲಿಸಿದಾಗ ಏನಾಗುತ್ತದೆ ಅನ್ನುವುದನ್ನು ಸಣ್ಣ ‘ಓ’ ಅಕ್ಷರದಲ್ಲಿ ನೋಡಿ. ಒಂದು ದುಂಡನೆಯ ‘ಓ’ ತೆಗೆದುಕೊಂಡು ಬಲಕ್ಕೆ ತಳ್ಳಿ, ತುಂಬಾ ದೊಡ್ಡದು ಮಾಡಿ. ಮೇಲಿನ ಬಲ ಮೂಲೆ ಮತ್ತು ಕೆಳಗಿನ ಎಡ ಮೂಲೆ ಉಬ್ಬಿರುತ್ತವೆ, ಉಳಿದ ಎರಡು ಮೂಲೆ ಸವೆದಿರುತ್ತವೆ. ಗೆರೆ ಒಂದೇ ದಪ್ಪ ಇರುವ ಫಾಂಟಿನಲ್ಲಿ ಇದು ಅಷ್ಟಾಗಿ ಕಣ್ಣಿಗೆ ಬೀಳಲ್ಲ. ದಪ್ಪ-ತೆಳು ಅಂತರವೇ ಜೀವಾಳವಾದ ಫಾಂಟಿನಲ್ಲಿ ಮಾತ್ರ ಅಕ್ಷರ ಸೊಟ್ಟಗಾದಂತೆ ಕಾಣುತ್ತದೆ. ಅಕ್ಷರ ಬರೆಯುವ ಡಿಸೈನರ್ ಪ್ರತಿ ತಿರುವನ್ನೂ ಮತ್ತೆ ಕೈಯಿಂದ ತಿದ್ದುವುದು ಇದಕ್ಕೇ.

ಈ ಶೈಲಿ ಎಲ್ಲಿಂದ ಬಂತು?

ಎರಡು ಬೇರೆ ಬೇರೆ ಕಾಲದ ಕೆಲಸ ಒಂದು ಕಡೆ ಸೇರಿದ್ದು ಇದು.

ಮೊದಲನೆಯದು ಇಟಾಲಿಕ್. 1501ರಲ್ಲಿ ವೆನಿಸ್ ನಗರದ ಮುದ್ರಕ ಆಲ್ಡಸ್ ಮನುಷಿಯಸ್, ರೋಮನ್ ಕವಿ ವರ್ಜಿಲನ ಕೃತಿಗಳನ್ನು ಪೂರ್ತಿ ಇಟಾಲಿಕ್‌ನಲ್ಲಿ ಅಚ್ಚು ಹಾಕಿದ. ಅಚ್ಚಿನ ಮೊಳೆ, ಅಂದರೆ ಲೋಹದ ಅಕ್ಷರ, ಕೊರೆದವನು ಫ್ರಾಂಚೆಸ್ಕೊ ಗ್ರಿಫೊ. ಆಗಿನ ವಿದ್ವಾಂಸರು ಬೇಗ ಬೇಗ ಬರೆಯುವ ಕೈಬರಹ ಅದಕ್ಕೆ ಮಾದರಿ. ಆಗ ಅದು ಒತ್ತಿ ಹೇಳುವುದಕ್ಕೆ ಇದ್ದ ಅಕ್ಷರ ಅಲ್ಲ, ಕೈಯಲ್ಲಿ ಹಿಡಿಯುವ ಸಣ್ಣ ಪುಸ್ತಕದ ಇಡೀ ಪಠ್ಯಕ್ಕೇ ಅದನ್ನು ಬಳಸಿದರು. ಇನ್ನೊಂದು ವಿಷಯ: ಅದರಲ್ಲಿ ಸಣ್ಣ ಅಕ್ಷರ ಮಾತ್ರ ಓರೆ, ಕ್ಯಾಪಿಟಲ್‌ಗಳು ನೆಟ್ಟಗೇ ನಿಂತಿದ್ದವು. ನೆಟ್ಟಗಿನ ಅಕ್ಷರದ ಪಕ್ಕದಲ್ಲಿ ಜೊತೆಗಾರನಾಗಿ ಇಟಾಲಿಕ್ ನಿಂತದ್ದು ಆಮೇಲೆ.

ಎರಡನೆಯದು ಕಾಂಟ್ರಾಸ್ಟ್. ಅದು ಹದಿನೆಂಟನೇ ಶತಮಾನದ ಕಥೆ. ಪ್ಯಾರಿಸ್‌ನಲ್ಲಿ ಫಿರ್ಮಾಂ ದಿದೋ 1784ರ ಹೊತ್ತಿಗೆ, ಪಾರ್ಮಾದಲ್ಲಿ ಜಾಂಬತ್ತಿಸ್ತಾ ಬೊಡೋನಿ ಅದೇ ಕಾಲದಲ್ಲಿ, ತೆಳು ಗೆರೆಯನ್ನು ಎಷ್ಟು ತೆಳು ಮಾಡಬಹುದೋ ಅಷ್ಟು ಮಾಡಿದರು. ಬೊಡೋನಿ 1813ರಲ್ಲಿ ತೀರಿಕೊಂಡ. ಅವನ ಅಕ್ಷರಗಳ ಮಾದರಿ ಪುಸ್ತಕವನ್ನು ಅವನ ಹೆಂಡತಿ ಮಾರ್ಗರೀಟಾ 1818ರಲ್ಲಿ ಹೊರತಂದಳು. ಈ ಬಗೆಗೆ ‘ದಿದೋನ್’ ಅನ್ನುವ ಹೆಸರು ಬಂದದ್ದು ಇಪ್ಪತ್ತನೇ ಶತಮಾನದಲ್ಲಿ. ದಿದೋ ಮತ್ತು ಬೊಡೋನಿ ಎರಡೂ ಹೆಸರು ಸೇರಿಸಿ ಮಾಡಿದ್ದು ಅದು.

ಅದಕ್ಕೂ ಮುಂಚೆ ಯಾಕೆ ಅಷ್ಟು ತೆಳು ಮಾಡಿರಲಿಲ್ಲ?

ಮಾಡಿದ್ದರೂ ಅಚ್ಚಿನಲ್ಲಿ ನಿಲ್ಲುತ್ತಿರಲಿಲ್ಲ. ಹಳೆಯ ಕಾಗದ ಒರಟು, ಶಾಯಿ ಹರಡುತ್ತಿತ್ತು. 1757ರಲ್ಲಿ ಇಂಗ್ಲೆಂಡಿನ ಜಾನ್ ಬಾಸ್ಕರ್‌ವಿಲ್ ನುಣುಪಾದ ಕಾಗದ ಬಳಸಿ, ಶಾಯಿಯನ್ನೂ ಸುಧಾರಿಸಿ ತೋರಿಸಿದ ಮೇಲೆ ದಾರಿ ತೆರೆಯಿತು. ಪೆನ್ನಿನದ್ದೂ ಪಾಲಿದೆ. ಅಗಲ ಮೂತಿಯ ಪೆನ್ನಿನಲ್ಲಿ ಗೆರೆಯ ದಪ್ಪ ನಿರ್ಧಾರ ಆಗುವುದು ಕೈ ಯಾವ ದಿಕ್ಕಿಗೆ ಹೋಗುತ್ತದೆ ಅನ್ನುವುದರ ಮೇಲೆ. ಚೂಪು ಮೂತಿಯ, ಬಳುಕುವ ಪೆನ್ನಿನಲ್ಲಿ ಹಾಗಲ್ಲ, ಒತ್ತಿದರೆ ಮೂತಿ ಅಗಲವಾಗಿ ದಪ್ಪ ಗೆರೆ, ಬಿಟ್ಟರೆ ತೆಳು. ತಾಮ್ರದ ತಗಡಿನ ಮೇಲೆ ಕೆತ್ತುವವರು ಅದೇ ಬರಹವನ್ನು ಇನ್ನೂ ನಾಜೂಕಾಗಿ ಮಾಡಿದರು. ಇವತ್ತಿನ ಹೈ-ಕಾಂಟ್ರಾಸ್ಟ್ ಇಟಾಲಿಕ್‌ನ ಬಳುಕು ಈ ಒತ್ತಿ-ಬಿಡುವ ಕೈಯಿಂದ ಬಂದದ್ದು.

ಎಷ್ಟು ದೊಡ್ಡದಾಗಿ ಬಳಸಬೇಕು?

ಎಲ್ಲರೂ ಕೇಳುವ ಪ್ರಶ್ನೆ ಇದು. ಲೆಕ್ಕ ಹಾಕಿಯೇ ನೋಡೋಣ.

ಎಷ್ಟೋ ಫಾಂಟುಗಳನ್ನು 1000 ಯೂನಿಟ್ ಎತ್ತರದ ಚೌಕಟ್ಟಿನಲ್ಲಿ ಬರೆಯುತ್ತಾರೆ. ಹೇರ್‌ಲೈನ್ 10 ಯೂನಿಟ್ ಇದೆ ಅಂದುಕೊಳ್ಳಿ, ಅಂದರೆ ಅಕ್ಷರದ ಸೈಜಿನ ನೂರನೇ ಒಂದು ಭಾಗ. ಪಾಯಿಂಟ್ ಅನ್ನುವುದು ಅಚ್ಚಿನ ಅಳತೆ, ಇಂಚಿನ 72ನೇ ಒಂದು ಭಾಗ. 72 ಪಾಯಿಂಟ್‌ನಲ್ಲಿ ಆ ಗೆರೆ 0.72 ಪಾಯಿಂಟ್, ಸುಮಾರು ಕಾಲು ಮಿಲಿಮೀಟರ್. ಚೆನ್ನಾಗಿ ಕಾಣುತ್ತದೆ. 12 ಪಾಯಿಂಟ್‌ಗೆ ಇಳಿಸಿದರೆ 0.12 ಪಾಯಿಂಟ್. ಪ್ರೆಸ್‌ನವರು ಸಾಮಾನ್ಯವಾಗಿ 0.25 ಪಾಯಿಂಟ್‌ಗಿಂತ ತೆಳು ಗೆರೆ ಬೇಡ ಅನ್ನುತ್ತಾರೆ, ಅದರ ಅರ್ಧಕ್ಕೇ ಬಂದುಬಿಟ್ಟಿರಿ. ಹಾಗಾಗಿ ಈ ಫಾಂಟು ಅಚ್ಚಿನಲ್ಲಿ 25 ಪಾಯಿಂಟ್‌ಗಿಂತ ಕೆಳಗೆ ಇಳಿಯಬಾರದು.

ಪರದೆಗೂ ಇದೇ ಲೆಕ್ಕ. 100 ಪಿಕ್ಸೆಲ್ ಸೈಜಿನಲ್ಲಿ ಹೇರ್‌ಲೈನ್ ಒಂದು ಪಿಕ್ಸೆಲ್. 16 ಪಿಕ್ಸೆಲ್‌ನಲ್ಲಿ 0.16 ಪಿಕ್ಸೆಲ್. ಒಂದು ಪಿಕ್ಸೆಲ್‌ನ ಆರನೇ ಒಂದು ಭಾಗವನ್ನು ಪರದೆ ಕಪ್ಪಾಗಿ ತೋರಿಸಲಾರದು, ಮಸುಕು ಬೂದು ಮಾಡಿ ಬಿಡುತ್ತದೆ. ಒಂದರ ಜಾಗದಲ್ಲಿ ಮೂರು ಪಿಕ್ಸೆಲ್ ತುಂಬುವ ಒಳ್ಳೆಯ ಫೋನಿನಲ್ಲಿ 34 ಪಿಕ್ಸೆಲ್‌ ಸೈಜಿಗೇ ಗೆರೆ ನಿಲ್ಲುತ್ತದೆ. ಹಳೆಯ ಮಾನಿಟರಿನಲ್ಲಿ ನಿಲ್ಲಲ್ಲ. ನಿಮ್ಮ ಫಾಂಟಿನ ಹೇರ್‌ಲೈನ್ ಎಷ್ಟು ಯೂನಿಟ್ ಅಂತ ಯಾವುದಾದರೂ ಫಾಂಟ್ ಎಡಿಟರಿನಲ್ಲಿ ತೆರೆದು ಅಳೆದು, ಈ ಲೆಕ್ಕವನ್ನು ನೀವೇ ಮಾಡಿಕೊಳ್ಳಬಹುದು.

ಹಾಗಾದರೆ ಪ್ಯಾರಾಗ್ರಾಫ್‌ಗೆ ಬಳಸಲೇಬಾರದಾ?

ಬಾರದು. ಒಂದು ಸಾಲಿನ ಉಕ್ತಿ, ಎರಡು ಮೂರು ಸಾಲಿನ ಪೀಠಿಕೆ, ದೊಡ್ಡ ಸೈಜಿನಲ್ಲಿ, ಸರಿ. ಅದಕ್ಕಿಂತ ಉದ್ದವಾದರೆ ದಪ್ಪ ಗೆರೆಗಳು ಮಾತ್ರ ಬೇಲಿಯಂತೆ ಸಾಲಾಗಿ ಕಾಣುತ್ತವೆ, ನಡುವಿನ ಕೊಂಡಿಗಳು ಕಾಣುವುದಿಲ್ಲ, ಕಣ್ಣಿಗೆ ಆಯಾಸ. ದೃಷ್ಟಿ ಮಂದ ಇರುವವರಿಗಂತೂ ಓದಲು ತುಂಬಾ ಕಷ್ಟ. ಯಾರೋ ನಿಜವಾಗಿ ಓದಬೇಕಾದ ಮಾತಿಗೆ, ಔಷಧದ ಸೂಚನೆ, ವಿಳಾಸ, ಷರತ್ತು ಇಂಥದ್ದಕ್ಕೆ, ಈ ಅಕ್ಷರ ಹಾಕುವುದು ಓದುಗರಿಗೆ ಮಾಡುವ ಅನ್ಯಾಯ ಅಂತ ನನ್ನ ಅಭಿಪ್ರಾಯ.

ಒಂದೇ ಫಾಂಟಿಗೆ ‘6’, ‘11’, ‘72’, ‘96’ ಅಂತೆಲ್ಲ ಯಾಕೆ ಇರುತ್ತದೆ?

ಅವು ಆಪ್ಟಿಕಲ್ ಸೈಜುಗಳು. ಮೊಳೆ ಜೋಡಿಸುವ ಕಾಲದಲ್ಲಿ ಪ್ರತಿ ಸೈಜಿಗೂ ಬೇರೆ ಅಕ್ಷರ ಕೊರೆಯುತ್ತಿದ್ದರು. ಸಣ್ಣ ಸೈಜಿಗೆ ಹೇರ್‌ಲೈನ್ ಸ್ವಲ್ಪ ದಪ್ಪ, ಅಕ್ಷರ ಸ್ವಲ್ಪ ಅಗಲ, ನಡುವೆ ಜಾಗ ಜಾಸ್ತಿ. ಕಂಪ್ಯೂಟರ್ ಬಂದ ಮೇಲೆ ಒಂದೇ ಚಿತ್ರವನ್ನು ಎಳೆದು ಕುಗ್ಗಿಸುವ ಅಭ್ಯಾಸವಾಗಿ ಈ ಜಾಣತನ ಬಹಳ ಮಟ್ಟಿಗೆ ಕಳೆದುಹೋಯಿತು. 1990ರ ದಶಕದಲ್ಲಿ ಕೆಲವರು ಅದನ್ನು ಮರಳಿ ತಂದರು. ಫಾಂಟ್ ಡಿಸೈನರ್ ಜೊನಾಥನ್ ಹಾಫ್ಲರ್ ‘ಹಾರ್ಪರ್ಸ್ ಬಜಾರ್’ ಫ್ಯಾಶನ್ ಪತ್ರಿಕೆಗಾಗಿ ಮಾಡಿದ ದಿದೋ ಫಾಂಟಿನಲ್ಲಿ ಏಳು ಸೈಜುಗಳಿವೆ, 6ರಿಂದ 96ರವರೆಗೆ. ಐಟಿಸಿ ಅನ್ನುವ ಅಮೆರಿಕದ ಫಾಂಟ್ ಕಂಪನಿಯ 1994ರ ಐಟಿಸಿ ಬೊಡೋನಿಯಲ್ಲಿ 6, 12, 72 ಅಂತ ಮೂರು.

ಈಗ ವೇರಿಯಬಲ್ ಫಾಂಟ್, ಅಂದರೆ ಒಂದೇ ಫೈಲಿನೊಳಗೆ ರೂಪ ಬದಲಿಸಬಲ್ಲ ಫಾಂಟ್, ಬಂದ ಮೇಲೆ ಇದು ಸುಲಭ. ಬೊಡೋನಿ ಮೋಡಾ ಅನ್ನುವ ಉಚಿತ ಫಾಂಟಿನಲ್ಲಿ ಆಪ್ಟಿಕಲ್ ಸೈಜ್ 6ರಿಂದ 96ರವರೆಗೆ ನುಣುಪಾಗಿ ಬದಲಾಗುತ್ತದೆ, ಇಟಾಲಿಕ್‌ನಲ್ಲೂ. ನಿಮ್ಮ ಕೆಲಸದಲ್ಲಿ ಸೈಜುಗಳು ಬದಲಾಗುತ್ತಲೇ ಇದ್ದರೆ, ಉದಾಹರಣೆಗೆ ಫೋನಿಗೂ ಪೋಸ್ಟರಿಗೂ ಒಂದೇ ವಿನ್ಯಾಸ, ಇಂಥ ಸೌಲಭ್ಯ ಇರುವ ಫಾಂಟನ್ನೇ ಹುಡುಕಿ. ಬೇರೆ ಯಾವ ಉಪಾಯವೂ ಇದಕ್ಕೆ ಸಮ ಅಲ್ಲ.

ಮ್ಯಾಕ್‌ನಲ್ಲಿ ನಮ್ಮ ವೆಬ್‌ಸೈಟಿನ ಶೀರ್ಷಿಕೆ ಜಾಸ್ತಿ ಬಡಕಲಾಗಿ ಕಾಣುತ್ತದೆ. ಯಾಕೆ?

ವೆಬ್ ಪುಟದ ರೂಪ ನಿರ್ಧರಿಸುವ ಸಿಎಸ್‌ಎಸ್ ಕೋಡಿನಲ್ಲಿ ಫಾಂಟ್-ಸ್ಮೂದಿಂಗ್ ‘ಆಂಟಿಏಲಿಯಾಸ್ಡ್’ ಅಂತ ಒಂದು ಸಾಲು ಇದೆಯಾ ನೋಡಿ. ಎಷ್ಟೋ ಟೆಂಪ್ಲೇಟುಗಳಲ್ಲಿ ಅದು ಮೊದಲೇ ಇರುತ್ತದೆ. ಮ್ಯಾಕ್‌ನಲ್ಲಿ ಅದು ಅಕ್ಷರವನ್ನು ತೆಳುವಾಗಿಸುತ್ತದೆ. ಸಾದಾ ಫಾಂಟಿಗೆ ಚೆಂದ, ಹೇರ್‌ಲೈನ್ ಇರುವ ಫಾಂಟಿಗೆ ಕುತ್ತು. ಆ ಶೀರ್ಷಿಕೆಗೆ ಮಾತ್ರ ತೆಗೆದು ನೋಡಿ.

ವೆಬ್‌ನಲ್ಲಿ ಇಟಾಲಿಕ್ ಸರಿಯಾಗಿ ಬಂದಿದೆಯಾ ಅಂತ ಹೇಗೆ ಗೊತ್ತಾಗುತ್ತದೆ?

ಸಣ್ಣ ‘ಎ’ ಅಥವಾ ‘ಎಫ್’ ನೋಡಿ. ‘ಎ’ ಇನ್ನೂ ಎರಡು ಅಂತಸ್ತಿನದಾಗಿದ್ದು ಬರೀ ವಾಲಿದ್ದರೆ ಇಟಾಲಿಕ್ ಫೈಲ್ ಲೋಡ್ ಆಗಿಲ್ಲ, ಬ್ರೌಸರ್ ತಾನೇ ವಾಲಿಸಿದೆ ಅಂತ ಅನುಮಾನ ಪಡಿ. ಇಟಾಲಿಕ್‌ಗೆ ಬೇರೆಯೇ ಫೈಲ್ ಇರುತ್ತದೆ, ಅದನ್ನು ಪ್ರತ್ಯೇಕವಾಗಿ ಸೇರಿಸಬೇಕು. ಇದನ್ನು ಮರೆಯುವವರು ತುಂಬಾ ಜನ. ಫಾಂಟ್-ಸಿಂಥೆಸಿಸ್ ಅನ್ನುವ ಸಿಎಸ್‌ಎಸ್ ಆಯ್ಕೆಯನ್ನು ‘ನನ್’ (none) ಮಾಡಿದರೆ ಬ್ರೌಸರಿನ ನಕಲಿ ಓರೆ ನಿಲ್ಲುತ್ತದೆ, ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ.

ಕೊನೆಯ ಅಕ್ಷರದ ಬಾಲ ಕತ್ತರಿಸಿ ಹೋಗುತ್ತಿದೆ!

ಇಟಾಲಿಕ್ ಅಕ್ಷರ ತನ್ನ ಪೆಟ್ಟಿಗೆಯಿಂದ ಹೊರಗೆ ಚಾಚುತ್ತದೆ. ‘ಎಫ್’ನ ತಲೆ ಬಲಕ್ಕೆ, ಬಾಲ ಎಡಕ್ಕೆ. ಹೊರಗೆ ಬಂದದ್ದನ್ನು ಮರೆಮಾಡುವ ಪೆಟ್ಟಿಗೆಯೊಳಗೆ ಅಕ್ಷರ ಇದ್ದರೆ, ಅಥವಾ ಅಕ್ಷರದೊಳಗೆ ಬಣ್ಣದ ಗ್ರೇಡಿಯಂಟ್ ತುಂಬಿದ್ದರೆ, ಚಾಚಿದ ಭಾಗ ಮಾಯ. ಎಡ-ಬಲಕ್ಕೆ ಸ್ವಲ್ಪ ಪ್ಯಾಡಿಂಗ್, ಅಂದರೆ ಪೆಟ್ಟಿಗೆಯೊಳಗೆ ಖಾಲಿ ಜಾಗ, ಕೊಡಿ. ಓರೆ ‘ಎಫ್’ ಆದ ಮೇಲೆ ನೆಟ್ಟಗಿನ ಬ್ರಾಕೆಟ್ ಅಥವಾ ಉದ್ಧರಣ ಚಿಹ್ನೆ ಬಂದಾಗಲೂ ಎರಡೂ ಡಿಕ್ಕಿ ಹೊಡೆಯುತ್ತವೆ. ಅಲ್ಲಿ ಒಂದು ಕೂದಲಿನಷ್ಟು ಜಾಗ ಕೈಯಿಂದಲೇ ಸೇರಿಸಬೇಕು.

ಅಕ್ಷರಗಳ ನಡುವೆ ಜಾಗ ಬಿಟ್ಟರೆ ಇನ್ನೂ ಗ್ರ್ಯಾಂಡ್ ಆಗಿ ಕಾಣುತ್ತದೆ ಅಲ್ವಾ?

ನೆಟ್ಟಗಿನ ಕ್ಯಾಪಿಟಲ್‌ಗಳಿಗೆ ಹೌದು. ಇಟಾಲಿಕ್ ಸಣ್ಣ ಅಕ್ಷರಕ್ಕೆ ಬೇಡವೇ ಬೇಡ. ಒಂದು ಅಕ್ಷರದಿಂದ ಹೊರಟ ತೆಳು ಗೆರೆ ಮುಂದಿನ ಅಕ್ಷರದ ಕಡೆ ಕೈಚಾಚಿರುತ್ತದೆ, ನೀವು ಜಾಗ ಬಿಟ್ಟ ಕೂಡಲೇ ಆ ಕೈ ಗಾಳಿಯಲ್ಲಿ ನಿಲ್ಲುತ್ತದೆ. ಡಿಸ್‌ಪ್ಲೇ ಫಾಂಟುಗಳನ್ನು ದೊಡ್ಡ ಸೈಜಿಗೆಂದೇ ಒತ್ತೊತ್ತಾಗಿ ಮಾಡಿರುತ್ತಾರೆ, ಹಾಗೇ ಬಿಡಿ. ತುಂಬಾ ದೊಡ್ಡದಾದರೆ ಇನ್ನೂ ಸ್ವಲ್ಪ ಬಿಗಿ ಮಾಡಬಹುದು. ಒಂದು ಸಾಲಿನಿಂದ ಮುಂದಿನ ಸಾಲಿಗೆ ಇರುವ ಅಂತರವೂ ಕಡಿಮೆ ಸಾಕು, ಅಕ್ಷರದ ಸೈಜಿನ 1ರಿಂದ 1.15 ಪಟ್ಟು. ಆದರೆ ಮೇಲಿನ ಸಾಲಿನ ಬಾಲ ಕೆಳಗಿನ ಸಾಲಿನ ತಲೆಗೆ ತಾಗುತ್ತದಾ ಅಂತ ಒಮ್ಮೆ ನೋಡಿ.

ಇನ್ನೊಂದು. ಓರೆ ಅಕ್ಷರವನ್ನು ಸಾಫ್ಟ್‌ವೇರ್ ಮಧ್ಯಕ್ಕೆ ತಂದರೂ ಕಣ್ಣಿಗೆ ಮಧ್ಯ ಅನ್ನಿಸದೆ ಇರಬಹುದು. ಗೈಡ್‌ಲೈನ್ ಏನೇ ಹೇಳಲಿ, ಕಣ್ಣಿನ ಮಾತು ಕೇಳಿ, ಸರಿಸಿ.

ಪೂರ್ತಿ ಕ್ಯಾಪಿಟಲ್‌ನಲ್ಲಿ ಹಾಕಬಹುದಾ?

ಹಾಕಬಹುದು, ಆದರೆ ಇಟಾಲಿಕ್‌ನ ಸೊಗಸೆಲ್ಲಾ ಸಣ್ಣ ಅಕ್ಷರದಲ್ಲಿದೆ. ಬಾಲ ಬಳುಕಿಸಿದ ಸ್ವಾಶ್ ಕ್ಯಾಪಿಟಲ್‌ಗಳನ್ನು ಮಾತ್ರ ಸಾಲಾಗಿ ಜೋಡಿಸಬೇಡಿ. ಯಾವ ಅಕ್ಷರ ಅಂತಲೇ ಗೊತ್ತಾಗಲ್ಲ.

ಸ್ವಾಶ್, ಲಿಗೇಚರ್ ಇವೆ ಅಂತ ಫಾಂಟಿನ ಪುಟದಲ್ಲಿತ್ತು. ನನಗೆ ಕಾಣುತ್ತಲೇ ಇಲ್ಲ.

ಅವು ಫಾಂಟಿನ ಒಳಗೆ ಇರುತ್ತವೆ, ನೀವು ಆನ್ ಮಾಡಬೇಕು. ಇನ್‌ಡಿಸೈನ್, ಇಲಸ್ಟ್ರೇಟರ್‌ಗಳಲ್ಲಿ ಓಪನ್‌ಟೈಪ್ ಅನ್ನುವ ಮೆನು ಹುಡುಕಿ. ವರ್ಡ್‌ನಲ್ಲಿ ಫಾಂಟ್ ವಿಂಡೋದ ಅಡ್ವಾನ್ಸ್‌ಡ್ ಟ್ಯಾಬ್. ಕೆಲವು ಸರಳ ಆನ್‌ಲೈನ್ ಸಾಧನಗಳಲ್ಲಿ ಈ ಸೌಲಭ್ಯ ಪೂರ್ತಿ ಇರಲ್ಲ.

‘ಎಫ್‌-ಐ’, ‘ಎಫ್‌-ಎಲ್’ ಕೂಡುವ ಸಾಮಾನ್ಯ ಲಿಗೇಚರ್‌ಗಳನ್ನು ಯಾವಾಗಲೂ ಆನ್ ಇಡಿ, ಇಲ್ಲದಿದ್ದರೆ ‘ಎಫ್’ನ ತಲೆಯ ಗುಂಡು ‘ಐ’ನ ಚುಕ್ಕಿಗೆ ಬಡಿಯಬಹುದು. ‘ಸಿ-ಟಿ’, ‘ಎಸ್‌-ಟಿ’ ನಡುವೆ ಕಮಾನು ಕಟ್ಟುವ ಅಲಂಕಾರದ ಲಿಗೇಚರ್ ಬೇರೆ, ಅದನ್ನು ಯೋಚಿಸಿ ಬಳಸಿ. ಸ್ವಾಶ್‌ಗೆ ನನ್ನ ನಿಯಮ: ಒಂದು ಶೀರ್ಷಿಕೆಗೆ ಒಂದು. ಮೊದಲ ಅಕ್ಷರಕ್ಕೆ ಅಥವಾ ಕೊನೆಯದಕ್ಕೆ. ಪದದ ನಡುವೆ ಸ್ವಾಶ್ ಬಂದರೆ ಓದು ಅಲ್ಲೇ ಮುಗ್ಗರಿಸುತ್ತದೆ.

& ಚಿಹ್ನೆ ಇಟಾಲಿಕ್‌ನಲ್ಲಿ ಯಾಕೆ ಬೇರೆ ಥರ ಇರುತ್ತದೆ?

ಈ ಚಿಹ್ನೆಗೆ ಆಂಪರ್ಸಂಡ್ ಅಂತ ಹೆಸರು, ಅದರ ಮೂಲ ‘ಮತ್ತು’ ಅನ್ನುವ ಅರ್ಥದ, ಲ್ಯಾಟಿನ್ ಭಾಷೆಯ ಎರಡಕ್ಷರದ ಪದ. ‘ಇ’ ಮತ್ತು ‘ಟಿ’ ಹೆಣೆದುಕೊಂಡು ಒಂದೇ ಚಿಹ್ನೆಯಾಗಿದೆ. ನೆಟ್ಟಗಿನ ರೂಪದಲ್ಲಿ ಅದು ಮುಚ್ಚಿಹೋಗಿದೆ, ಒಳ್ಳೆಯ ಇಟಾಲಿಕ್‌ನಲ್ಲಿ ಎರಡೂ ಅಕ್ಷರ ಇವತ್ತಿಗೂ ಕಣ್ಣಿಗೆ ಕಾಣುತ್ತವೆ. ಡಿಸೈನರ್ ತನ್ನ ಕೈಚಳಕವನ್ನೆಲ್ಲಾ ಸುರಿಯುವ ಜಾಗ ಅದು. ಎರಡು ಹೆಸರಿನ ನಡುವೆ, ಆಮಂತ್ರಣದಲ್ಲೋ ಅಂಗಡಿ ಬೋರ್ಡಿನಲ್ಲೋ, ಉಳಿದದ್ದೆಲ್ಲಾ ನೆಟ್ಟಗಿದ್ದು ಈ ಒಂದು ಚಿಹ್ನೆ ಮಾತ್ರ ಇಟಾಲಿಕ್ ಇದ್ದರೂ ಸಾಕು, ಇಡೀ ಸಾಲಿಗೆ ಕಳೆ ಬರುತ್ತದೆ. ಫಾಂಟ್ ಆರಿಸುವಾಗ ನಾನು ಮೊದಲು ನೋಡುವುದೇ ಇದನ್ನು.

ಕಪ್ಪು ಹಿನ್ನೆಲೆಯ ಮೇಲೆ ಬಿಳಿ ಅಕ್ಷರ?

ಪರದೆಯಲ್ಲಿ ತೊಂದರೆ ಕಡಿಮೆ. ಕಾಗದದಲ್ಲಿ ಹುಷಾರು. ಬಿಳಿ ಗೆರೆ ಅಂದರೆ ಶಾಯಿ ಇಲ್ಲದ ಜಾಗ, ಸುತ್ತಲಿನ ಶಾಯಿ ಎರಡೂ ಕಡೆಯಿಂದ ಒಳಗೆ ಬರುತ್ತದೆ. ಆ ಹಿನ್ನೆಲೆ ನಾಲ್ಕು ಬಣ್ಣ ಸೇರಿಸಿ ಮಾಡಿದ್ದಾದರೆ ಇನ್ನೂ ಕಷ್ಟ, ಒಂದು ಪ್ಲೇಟ್ ಚೂರು ಸರಿದರೂ ಹೇರ್‌ಲೈನ್ ಬಣ್ಣ ಬಣ್ಣವಾಗಿ ಮುಚ್ಚಿಹೋಗುತ್ತದೆ. ಬಿಳಿ ಗೆರೆಗೆ ಕನಿಷ್ಠ 0.5 ಪಾಯಿಂಟ್ ಇಟ್ಟುಕೊಳ್ಳಿ, ಅಂದರೆ ಮೇಲಿನ ಲೆಕ್ಕದ ಪ್ರಕಾರ 50 ಪಾಯಿಂಟ್ ಸೈಜು. ಫೋಟೋ ಮೇಲೆ ಹಾಕುವುದಾದರೆ ಆಕಾಶ, ಗೋಡೆಯಂಥ ಸಮ ಜಾಗ ಹುಡುಕಿ. ಎಲೆ, ಜನಜಂಗುಳಿಯ ಮೇಲೆ ಹಾಕಿದರೆ ಹೇರ್‌ಲೈನ್ ಸಿಗುವುದೇ ಇಲ್ಲ. ಬಣ್ಣದ ಕಾಂಟ್ರಾಸ್ಟ್, ಅಂದರೆ ಅಕ್ಷರಕ್ಕೂ ಹಿನ್ನೆಲೆಗೂ ಇರುವ ಬೆಳಕಿನ ಅಂತರ, ದೊಡ್ಡ ಅಕ್ಷರಕ್ಕೆ 3:1 ಸಾಕು ಅನ್ನುವ ವೆಬ್ ಮಾನದಂಡ ಇದೆ. ಇಂಥ ಫಾಂಟಿಗೆ ಅದು ಸಾಲದು, ತೆಳು ಗೆರೆ ಪರದೆಯಲ್ಲಿ ಹೇಗೂ ಮಸುಕಾಗಿರುತ್ತದೆ. 4.5:1ಕ್ಕಿಂತ ಮೇಲೇ ಇರಿ.

ಬೋಲ್ಡ್ ಒತ್ತಿದರೆ ಗೆರೆ ದಪ್ಪ ಆಗುತ್ತದಲ್ಲಾ, ಹಾಗೆ ಮಾಡಿದರೆ ಆಗಲ್ವಾ?

ಫಾಂಟಿನಲ್ಲಿ ನಿಜವಾದ ಬೋಲ್ಡ್ ಇಟಾಲಿಕ್ ಇದ್ದರೆ ಧಾರಾಳವಾಗಿ ಬಳಸಿ. ಆದರೆ ಅದರಲ್ಲಿ ದಪ್ಪ ಗೆರೆ ಮಾತ್ರ ಇನ್ನೂ ದಪ್ಪವಾಗಿ ಹೇರ್‌ಲೈನ್ ಹೆಚ್ಚುಕಡಿಮೆ ಹಾಗೇ ಇರಬಹುದು, ಸಣ್ಣ ಸೈಜಿಗೆ ಅದು ಪರಿಹಾರ ಅಲ್ಲ. ಡಿಎಂ ಸೆರಿಫ್ ಡಿಸ್‌ಪ್ಲೇಯಂಥ ಫಾಂಟಿಗೆ ಒಂದು ರೆಗ್ಯುಲರ್, ಒಂದು ಇಟಾಲಿಕ್, ಅಷ್ಟೇ. ಅಲ್ಲಿ ಬೋಲ್ಡ್ ಒತ್ತಿದರೆ ಸಾಫ್ಟ್‌ವೇರ್ ಸುತ್ತಲೂ ಮಸಿ ಬಳಿದಂತೆ ದಪ್ಪ ಮಾಡುತ್ತದೆ. ಮಾಡಬೇಡಿ.

ಜೊತೆಗೆ ಯಾವ ಫಾಂಟ್ ಹಾಕಲಿ?

ಸದ್ದು ಮಾಡದ್ದು. ಗೆರೆ ಸಮ ಇರುವ ಸಾನ್ಸ್ ಸೆರಿಫ್ (ಸೆರಿಫ್ ಇಲ್ಲದ ಫಾಂಟ್), ಅಥವಾ ಕಾಂಟ್ರಾಸ್ಟ್ ಕಡಿಮೆ ಇರುವ ಪುಸ್ತಕದ ಸೆರಿಫ್. ಎರಡು ಬೇರೆ ಬೇರೆ ದಿದೋನ್ ಒಟ್ಟಿಗೆ ಹಾಕಿದರೆ ಕೈತಪ್ಪಿ ಫಾಂಟ್ ಬದಲಾದಂತೆ ಕಾಣುತ್ತದೆ.

ಕನ್ನಡದ ಶೀರ್ಷಿಕೆಯ ಪಕ್ಕದಲ್ಲಿ ಇದನ್ನು ಹೇಗೆ ಬಳಸುವುದು?

ಕನ್ನಡ ಲಿಪಿಯಲ್ಲಿ ರೋಮನ್ ಲಿಪಿಯಂತೆ ಇಟಾಲಿಕ್‌ನ ಪರಂಪರೆ ಬೆಳೆದಿಲ್ಲ. ಕ್ಯಾಪಿಟಲ್ ಅಂತಲೂ ಇಲ್ಲ. ಹಾಗಾಗಿ ಪಕ್ಕದ ಇಂಗ್ಲಿಷ್ ಓರೆ ಇದೆ ಅಂತ ಕನ್ನಡವನ್ನೂ ‘ಐ’ ಗುಂಡಿ ಒತ್ತಿ ವಾಲಿಸಬೇಡಿ. ಮೇಲೆ ‘ಓ’ ಅಕ್ಷರದ ಬಗ್ಗೆ ಹೇಳಿದೆನಲ್ಲ, ಕನ್ನಡದಲ್ಲಿ ಪ್ರತಿ ಅಕ್ಷರವೂ ದುಂಡು, ಹಾಗಾಗಿ ಪ್ರತಿ ಅಕ್ಷರಕ್ಕೂ ಅದೇ ಪೆಟ್ಟು ಬೀಳುತ್ತದೆ. ತಲೆಕಟ್ಟು ಒಂದು ಕಡೆ, ಒತ್ತಕ್ಷರ ಇನ್ನೊಂದು ಕಡೆ ಸರಿದಂತೆ ಆಗುತ್ತದೆ. ಕನ್ನಡ ನೆಟ್ಟಗೇ ಇರಲಿ. ದಪ್ಪ-ತೆಳು ವ್ಯತ್ಯಾಸ ಇರುವ ಕನ್ನಡ ಫಾಂಟ್ ಆರಿಸಿ, ಎರಡೂ ಲಿಪಿಯ ದಪ್ಪ ಗೆರೆ ಒಂದೇ ಅಗಲ ಕಾಣುವ ಹಾಗೆ ಸೈಜು ಹೊಂದಿಸಿ. ಒತ್ತಕ್ಷರಕ್ಕೆ ಕೆಳಗೆ ಜಾಗ ಬೇಕು, ಇಂಗ್ಲಿಷ್ ಸಾಲಿನ 1.15 ಪಟ್ಟು ಕನ್ನಡಕ್ಕೆ ಸಾಲದು.

ಲೋಗೋಗೆ ಚೆನ್ನಾಗಿರುತ್ತದಾ?

ಚೆನ್ನಾಗಿರುತ್ತದೆ, ಆದರೆ ಲೋಗೋ ಎಲ್ಲೆಲ್ಲಿ ಕೂರಬೇಕು ಅಂತ ಮೊದಲೇ ಬರೆದಿಟ್ಟುಕೊಳ್ಳಿ. ಬ್ರೌಸರ್ ಟ್ಯಾಬಿನ 16 ಪಿಕ್ಸೆಲ್ ಚೌಕದಲ್ಲಿ, ಬಟ್ಟೆ ಮೇಲಿನ ಕಸೂತಿಯಲ್ಲಿ, ರಬ್ಬರ್ ಸ್ಟಾಂಪಿನಲ್ಲಿ, ಲೇಸರಿನಲ್ಲಿ ಕತ್ತರಿಸಿದ ಬೋರ್ಡಿನಲ್ಲಿ ಹೇರ್‌ಲೈನ್ ಉಳಿಯಲ್ಲ. ಅಂಥ ಕಡೆಗೆ ತೆಳು ಗೆರೆಗಳನ್ನು ದಪ್ಪ ಮಾಡಿದ ಎರಡನೇ ರೂಪ ಬರೆಸಿಕೊಳ್ಳಿ. ಸುಮ್ನೆ ಔಟ್‌ಲೈನ್ ಸೇರಿಸಿ ಉಬ್ಬಿಸಿದರೆ ದಪ್ಪ ಗೆರೆಯೂ ಉಬ್ಬುತ್ತದೆ, ಒಳಗಿನ ಬಿಳಿ ಜಾಗ ಮುಚ್ಚುತ್ತದೆ.

ಉಚಿತವಾಗಿ ಸಿಗುವುದು ಯಾವುದು? ಲೈಸೆನ್ಸ್?

ಬೊಡೋನಿ ಮೋಡಾ ಬಿಟ್ಟರೆ, ಕ್ಲಾಸ್ ಎಗರ್ಸ್ ಸೋರೆನ್ಸನ್ ಅವರ ಪ್ಲೇಫೇರ್ ಡಿಸ್‌ಪ್ಲೇ ಮತ್ತು ಕ್ರಿಶ್ಚಿಯನ್ ಥಾಲ್ಮನ್ ಅವರ ಕಾರ್ಮೊರಂಟ್. ಪ್ಲೇಫೇರ್ ಗಟ್ಟಿಮುಟ್ಟು, ಸ್ವಲ್ಪ ಸಣ್ಣ ಸೈಜನ್ನೂ ತಡೆಯುತ್ತದೆ. ಕಾರ್ಮೊರಂಟ್ ಬೇರೆ ವಂಶದ್ದು, ಹದಿನಾರನೇ ಶತಮಾನದ ಗರಮೊಂಡ್ ಅಕ್ಷರಗಳ ಕಡೆಯದ್ದು, ಬಹಳ ನಾಜೂಕು, ಅದರ ಇಟಾಲಿಕ್ ನನಗೆ ತುಂಬಾ ಇಷ್ಟ. ಇವೆಲ್ಲಾ ಓಪನ್ ಫಾಂಟ್ ಲೈಸೆನ್ಸ್‌ನಲ್ಲಿವೆ. ವ್ಯಾಪಾರದ ಕೆಲಸಕ್ಕೂ ಬಳಸಬಹುದು, ತಿದ್ದಬಹುದು, ತಿದ್ದಿದ್ದನ್ನು ಹಂಚುವುದಾದರೆ ಅದೇ ಲೈಸೆನ್ಸ್ ಇರಬೇಕು, ಬರೀ ಫಾಂಟ್ ಫೈಲನ್ನೇ ಮಾರುವ ಹಾಗಿಲ್ಲ. ಕೊಂಡ ಫಾಂಟಿಗೆ ಸಾಮಾನ್ಯವಾಗಿ ಡೆಸ್ಕ್‌ಟಾಪ್, ವೆಬ್, ಆ್ಯಪ್ ಅಂತ ಬೇರೆ ಬೇರೆ ಪರವಾನಗಿ. ಓದಿ ನೋಡಿ.

ತೆಗೆದುಕೊಳ್ಳುವ ಮುಂಚೆ ಹೇಗೆ ಪರೀಕ್ಷಿಸಲಿ?

ಮಾರಾಟದ ಪುಟದಲ್ಲಿ ಇಟ್ಟ ಚಂದದ ಪದ ನೋಡಿ ತೀರ್ಮಾನ ಮಾಡಬೇಡಿ, ಆ ಪದವನ್ನು ಆರಿಸಿರುವುದೇ ಫಾಂಟ್ ಚೆನ್ನಾಗಿ ಕಾಣಲಿ ಅಂತ. ನಿಮ್ಮ ನಿಜವಾದ ಶೀರ್ಷಿಕೆ, ನಿಮ್ಮ ಊರ ಹೆಸರು, ನಿಮ್ಮ ತಾರೀಕು ಟೈಪ್ ಮಾಡಿ. ‘ಎಫ್’, ‘ಕೆ’, ‘ಝಡ್’, & ಇರುವ ಪದಗಳನ್ನು ಹಾಕಿ. ಅಂಕಿಗಳು ಏರಿಳಿಯುವ ಹಳೆ ಶೈಲಿಯವಾ, ಒಂದೇ ಎತ್ತರದವಾ ನೋಡಿ, ಎರಡೂ ಇದ್ದರೆ ಒಳ್ಳೆಯದು. ಬಳಸುವ ಸೈಜಿನಲ್ಲೇ ಒಂದು ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿ, ಓದುಗರು ನಿಲ್ಲುವಷ್ಟು ದೂರ ಹೋಗಿ ನಿಂತು ನೋಡಿ. ಹೇರ್‌ಲೈನ್ ಕಾಣದೆ ಅಕ್ಷರ ತುಂಡಾಗಿದ್ದರೆ ಸೈಜು ಏರಿಸಿ, ಏರಿಸಲು ಜಾಗ ಇಲ್ಲದಿದ್ದರೆ ಫಾಂಟ್ ಬದಲಿಸಿ.